ಜುಂಜಮ್ಮನ ಕಾಲ್ಗುಣ

ನಮ್ಮ ಮನೆಯವರು ವಿಜ್ಞಾನಿ. ಶ್ವಾಸಕೋಶದ ರೋಗಗಳು ಅಪ್ಪ ಅಮ್ಮನಿಂದ ಮಕ್ಕಳಿಗೆ ಹೇಗೆ ಇಳಿದು ಬರುತ್ತವೆ ಎಂಬುದು ಅವರ ವಿಷಯ. ಈ ವಿಷಯದ ಮೇಲೆ ದೆಹಲಿಯಲ್ಲಿ ಮಾತಾಡಿದ್ದಾರೆ, ಲಂಡನ್ನಿನಲ್ಲೂ ಮಾತಾಡಿದ್ದಾರೆ. ಮನೆಯಲ್ಲಿ ಮಾತ್ರ ನಾನು ಮಾತಾಡುತ್ತೇನೆ, ಅವರು ಕೇಳುತ್ತಾರೆ. ಹೆಸರು ಡಾಕ್ಟರ್ ಸಣ್ಣರಂಗಯ್ಯ. ಗಂಡನ ಹೆಸರು ಬಾಯಲ್ಲಿ ಹೇಳಬಾರದು ಎಂದು ನಮ್ಮಮ್ಮ ಕಲಿಸಿದ್ದಳು, ಬರೆಯಬಾರದು ಎಂದೇನೂ ಹೇಳಿರಲಿಲ್ಲ.

ಭಾಷಣ ಮಾಡುವಾಗೆಲ್ಲ ಇವರು ಪರದೆಯ ಮೇಲೆ ಮೊದಲು ತೋರಿಸುವುದು ಒಂದು ವಂಶದ ಚಿತ್ರ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ನಡುವೆ ಗೆರೆಗಳು. ಅದರಲ್ಲಿ ಒಂದು ವೃತ್ತ ಜುಂಜಮ್ಮ. ಆ ವೃತ್ತ ಬರೆಯಲು ಇವರು ಪಟ್ಟ ಪಾಡು ಯಾವ ಪೇಪರಿನಲ್ಲೂ ಅಚ್ಚಾಗಿಲ್ಲ. ಅಚ್ಚು ಮಾಡಿಸುವ ಧೈರ್ಯ ಇವರಿಗಿಲ್ಲ. ನನಗಿದೆ.

ಎಪ್ಪತ್ತೇಳನೇ ಇಸವಿಯ ಕೊನೆ. ಮದುವೆಯಾಗಿ ಎರಡು ವರ್ಷ. ನಾನು ಮಿಡಿಗೇಶಿಯ ಪ್ರೈಮರಿ ಶಾಲೆಯಲ್ಲಿ ಟೀಚರು, ಇವರು ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ. ವರ್ಗಾವಣೆಗೆ ಅಲೆದು ಅಲೆದು ನನ್ನ ಚಪ್ಪಲಿ ಸವೆದಿತ್ತು. ಆಗ ಇವರ ಪ್ರೊಫೆಸರು, "ಎಲ್ಲಾದರೂ ಒಂದು ಹಳ್ಳಿ ಹಿಡಿದು, ಉಬ್ಬಸ ಇರುವ ಒಂದು ವಂಶದ ಉಸಿರು, ರಕ್ತ ಎರಡನ್ನೂ ಅಳೆಯಿರಿ" ಎಂದರಂತೆ. ಇವರು ಉಗುಳು ನುಂಗುವ ಮುಂಚೆ ಮಿಡಿಗೇಶಿ ಎಂದರಂತೆ. ಅಲ್ಲೇ ಏಕೆ ಎಂದು ಪ್ರೊಫೆಸರು ಕೇಳಿದ್ದಕ್ಕೆ ಒಣ ಹವೆ, ಕಲ್ಲುಬೆಟ್ಟ, ಹತ್ತಿರದ ಸಂಬಂಧದ ಮದುವೆಗಳು ಎಂದು ಮೂರು ಕಾರಣ ಕೊಟ್ಟರು. ನಾಲ್ಕನೆಯ ಕಾರಣ ಇಲ್ಲಿ ಕೂತು ಮಗ್ಗಿ ಹೇಳಿಕೊಡುತ್ತಿತ್ತು.

ವಂಶ ಹುಡುಕಿಕೊಟ್ಟವಳೂ ನಾನೇ. ಕೋಟೆ ಬೆಟ್ಟದ ಆಚೆಗೆ ಒಂದು ಗೊಲ್ಲರಹಟ್ಟಿ ಇತ್ತು. ಅಲ್ಲಿನ ಜುಂಜಮ್ಮನ ಮನೆಯ ಕಥೆ ಶಾಲೆಯ ಮಕ್ಕಳ ಬಾಯಲ್ಲೇ ನನಗೆ ಗೊತ್ತಾಗಿತ್ತು. ಗಂಡ ನಲವತ್ತು ತುಂಬುವುದರೊಳಗೆ ಉಬ್ಬಸದಲ್ಲಿ ತೀರಿಹೋದ. ಹಿರೀ ಮಗನೂ ಅದರಲ್ಲೇ ಹೋದ. ಉಳಿದ ಮೂವರಲ್ಲಿ ಯತ್ತಪ್ಪ, ಕ್ಯಾತಪ್ಪ ಇಬ್ಬರಿಗೂ ಮೂವತ್ತು ದಾಟುತ್ತಲೇ ಎದೆ ಸೋತಿತ್ತು. ಬೀಡಿ ಮುಟ್ಟಿದವರಲ್ಲ. ಕಿರಿಯವನು ಮಾರಣ್ಣ ಮಾತ್ರ ಗಟ್ಟಿ. ತನ್ನೆತ್ತರಕ್ಕಿಂತ ಉದ್ದದ ಗಣೆ ಹಿಡಿದು ಊದಿದನೆಂದರೆ ಆ ಬಿದಿರಿನ ಕೊಳಲಿನ ದನಿ ನಮ್ಮ ಶಾಲೆಯವರೆಗೆ ಬರುತ್ತಿತ್ತು.

ಈ ರೋಗಕ್ಕೆ ಕಾರಣ ಏನೆಂದು ಹಟ್ಟಿಯವರು ಐವತ್ತು ವರ್ಷದ ಹಿಂದೆಯೇ ಕಂಡುಹಿಡಿದುಬಿಟ್ಟಿದ್ದರು. ಜುಂಜಮ್ಮನ ಕಾಲ್ಗುಣ. ಅವಳು ಹೊಸಿಲು ದಾಟಿ ಒಳಗೆ ಬಂದಳು, ಉಬ್ಬಸವೂ ಅವಳ ಹಿಂದೆಯೇ ಬಂತು. ಇದನ್ನು ಹೇಳುವುದರಲ್ಲಿ ಮುಂಚೂಣಿಯಲ್ಲಿದ್ದವಳು ನಾದಿನಿ ಕರಿಯಕ್ಕ. ಗಂಡ ಸತ್ತ ಮೇಲೆ ತವರು ಹಟ್ಟಿಗೇ ಬಂದು ಪಕ್ಕದ ಮನೆಯಲ್ಲಿದ್ದಳು. ಅತ್ತಿಗೆಯನ್ನು ಅತ್ತಿಗೆ ಎಂದು ಕರೆಯುತ್ತಿರಲಿಲ್ಲ, "ಇವ್ಳು" ಎನ್ನುತ್ತಿದ್ದಳು. ಹಟ್ಟಿಯಲ್ಲೆಲ್ಲ ಎಲೆ, ಅಡಿಕೆ, ಸುಣ್ಣ ಕೈಯಿಂದ ಕೈಗೆ ಓಡಾಡುತ್ತಿದ್ದರೆ ಕರಿಯಕ್ಕ ಮಾತ್ರ ಜುಂಜಮ್ಮನ ಕೈಯಿಂದ ಒಂದು ಚಿಟಿಕೆ ಸುಣ್ಣವನ್ನೂ ಇಸಕೊಂಡವಳಲ್ಲ.

ಇವರನ್ನು ಕರೆದುಕೊಂಡು ಹೋದೆ. ಹಟ್ಟಿಯ ಮುಳ್ಳುಬೇಲಿಯ ಹೊರಗೇ ಪಾದರಕ್ಷೆ ಬಿಡಬೇಕು. ಇವರು ಅವತ್ತೇ ಹೊಸ ಬೂಟು ಹಾಕಿಕೊಂಡು ಬಂದಿದ್ದರು. ಲೇಸು ಬಿಚ್ಚುವಷ್ಟರಲ್ಲಿ ಅರ್ಧ ಹಟ್ಟಿ ಸುತ್ತ ನೆರೆದಿತ್ತು. ಯತ್ತಪ್ಪ, ಕ್ಯಾತಪ್ಪರನ್ನು ಯಾರೋ ಸಿದ್ದರಬೆಟ್ಟದ ಕಡೆ ಗಿಡಮೂಲಿಕೆ ಕೊಡಿಸಲು ಗಾಡಿಯಲ್ಲಿ ಕರೆದೊಯ್ದಿದ್ದರು. ಜುಂಜಮ್ಮ ಜಗಲಿಯ ಮೇಲೆ ಕೂತಿದ್ದಳು.

"ನಿನ್ ಗಂಡನಾ ಮೇಡಮ್ಮ? ಇಷ್ಟ್ ಸಣ್ಣಗವ್ರೆ, ಹೊಟ್ಟೆಗಿಕ್ಕಲ್ವಾ?" ಎಂದಳು.

ಇವರು ಅವಳೆದುರು ಕೂತು, ನಮ್ಮ ರಕ್ತದಲ್ಲಿ ಒಂದು ಪ್ರೋಟೀನ್ ಇದೆ, ಅದು ಶ್ವಾಸಕೋಶವನ್ನು ಕಾಯುತ್ತದೆ, ಅದಿಲ್ಲದವರ ಎದೆ ಕಾವಲಿಲ್ಲದ ಹೊಲದಂತೆ, ಯಾವ ದನ ಬೇಕಾದರೂ ನುಗ್ಗಿ ಮೇಯುತ್ತದೆ ಎಂದು ವಿವರಿಸಿದರು. ಚೆನ್ನಾಗಿಯೇ ವಿವರಿಸಿದರು. ಹೊಲದ ಮಾತು ನಾನು ಹಿಂದಿನ ದಿನ ಹೇಳಿಕೊಟ್ಟಿದ್ದು.

"ಅವೆಲ್ಲ ನಂಗ್ಯಾಕೆ ಡಾಕ್ಟ್ರಪ್ಪ. ಒಂದೇ ಒಂದ್ ಯೋಳು. ಇದು ನನ್ ಕಾಲ್ಗುಣನಾ, ಅಲ್ವಾ? ರಕ್ತ ನೋಡುದ್ರೆ ಗೊತ್ತಾಯ್ತದಾ?"

"ಗೊತ್ತಾಗುತ್ತೆ ಅಜ್ಜಿ."

"ಇರಾದ್ ಇದ್ದಂಗೆ ಯೋಳ್ಬೇಕು. ನಂದೇ ಅಂದ್ರೆ ನಂದೇ ಅನ್ನು. ಆಣೆ?"

"ಆಣೆ" ಎಂದು ಇವರು ಅವಳ ಕೈಮುಟ್ಟಿದರು. ವಿಜ್ಞಾನದ ಮೇಲೆ ಆಣೆ ಇಟ್ಟಿದ್ದು ಇವರ ಜೀವಮಾನದಲ್ಲಿ ಅದೊಂದೇ ಸಲ.

"ಹಂಗಾದ್ರೆ ಹಟ್ಟಿಯೋರೆಲ್ಲ ಕೊಡ್ತಾರೆ ಬುಡು. ಕೊಡ್ದಿದ್ರೆ ನಾನ್ ನೋಡ್ಕಂತೀನಿ."

ಇವರು ಕಾಗದ ಬಿಡಿಸಿ ಚೌಕ, ವೃತ್ತ ಬರೆಯತೊಡಗಿದರು. ಜುಂಜಮ್ಮ ಮದುವೆಯಾದದ್ದು ಸೋದರತ್ತೆಯ ಮಗನನ್ನೇ, ಹಾಗಾಗಿ ಗಂಡಹೆಂಡಿರ ನಡುವೆ ಜೋಡಿಗೆರೆ ಬಿತ್ತು. ಗಂಡನ ಹೆಸರು ಮಾತ್ರ ಅವಳು ಹೇಳಲೊಲ್ಲಳು. ಇವರು ಪೆನ್ನು ಹಿಡಿದುಕೊಂಡು ಕಾದೇ ಕಾದರು. ಕೊನೆಗೆ ಪಕ್ಕದ ಜಗಲಿಯಿಂದ ಕರಿಯಕ್ಕ ಕೂಗಿದಳು: "ಪಾತಣ್ಣ ಅಂತ ಬರ್ಕಳಪ್ಪ. ಚಿನ್ನದಂಥ ಮನುಷ್ಯ ನಮ್ಮಣ್ಣ. ಇವ್ಳು ಕಾಲಿಟ್ಲು, ಅವ್ನ ಉಸ್ರು ಹೋಯ್ತು."

ಜುಂಜಮ್ಮ ತಲೆಯೆತ್ತಲಿಲ್ಲ. ಆ ಮಾತು ಅವಳಿಗೆ ಎಷ್ಟು ಹಳೆಯದಾಗಿತ್ತೆಂದರೆ, ಕೇಳಿಸಿತೋ ಇಲ್ಲವೋ ಎಂಬುದೂ ಮುಖದಲ್ಲಿ ತಿಳಿಯಲಿಲ್ಲ.

ಎರಡನೆಯ ಸಲ ಇವರು ಊದುವ ಮಿಷನ್ನು ತಂದರು. ತಗಡಿನ ಡ್ರಮ್ಮು, ಕೊಳವೆಯಲ್ಲಿ ಊದಿದರೆ ಮೇಲೇಳುತ್ತದೆ, ಪಕ್ಕದಲ್ಲಿ ಮುಳ್ಳೊಂದು ಕಾಗದದ ಮೇಲೆ ಗೆರೆ ಎಳೆಯುತ್ತದೆ. ಪಾವಗಡ ಬಸ್ಸಿನ ಟಾಪಿನ ಮೇಲೆ ಎರಡು ಹೋತಗಳ ಜೊತೆ ಅದು ಪ್ರಯಾಣ ಮಾಡಿ ಬಂತು. ಎಪ್ಪತ್ತೆಂಟರ ಫೆಬ್ರವರಿ ತಿಂಗಳು, ವಿಧಾನಸಭೆಯ ಚುನಾವಣೆ ಹತ್ತಿರ. ನನಗೆ ಮಧುಗಿರಿಯಲ್ಲಿ ಎಲೆಕ್ಷನ್ ಡ್ಯೂಟಿಯ ತರಬೇತಿ. ನಾನು ಹಟ್ಟಿಗೆ ಹೋಗಿದ್ದರೆ ಈ ಕಥೆಯೇ ಹುಟ್ಟುತ್ತಿರಲಿಲ್ಲ, ಏಕೆಂದರೆ ಅಲ್ಲಿ ಯಾರು ಯಾರೆಂದು ನನಗೆ ಗೊತ್ತು.

ಸಂಜೆ ಬಂದಾಗ ಇವರ ಮುಖ ಹಬ್ಬದ ಮನೆಯಾಗಿತ್ತು. ಹಟ್ಟಿಯ ಹೊರಗಿನ ಹುಣಸೇಮರದಡಿ ಮಿಷನ್ನು ಇಟ್ಟು ಹೆಸರು ಕೂಗಿದ್ದೇ ತಡ, ಒಬ್ಬರೂ ತಪ್ಪಿಸಿಕೊಳ್ಳದೆ ಬಂದು ಊದಿದರಂತೆ, ರಕ್ತ ಕೊಟ್ಟರಂತೆ.

"ಯತ್ತಪ್ಪ ಬಂದಿದ್ನಾ?" ಎಂದೆ.

"ಬಂದಿದ್ದ. ಅವನು ಊದಿದ ರಭಸಕ್ಕೆ ಡ್ರಮ್ಮು ಹಾರಿ ಬೀಳೋದರಲ್ಲಿತ್ತು. ಉಬ್ಬಸ ಅನ್ನೋದು ಬಂದು ಹೋಗುವ ರೋಗ ಕಣೇ, ಇವತ್ತು ಇರಲಿಲ್ಲ ಅಂತ ಕಾಣುತ್ತೆ. ರಕ್ತದಲ್ಲಿ ಸಿಕ್ಕೇ ಸಿಗುತ್ತೆ."

ದಿನವಿಡೀ ಮತಪೆಟ್ಟಿಗೆಗೆ ಅರಗು ಹಚ್ಚುವುದು ಹೇಗೆಂದು ಕಲಿತು ಬಂದವಳು ನಾನು. ಹೂ ಎಂದು ಮಲಗಿಬಿಟ್ಟೆ.

ಮಾರನೆಯ ದಿನ ರಕ್ತದ ಸೀಸೆಗಳನ್ನು ಐಸ್ ತುಂಬಿದ ಡಬ್ಬಿಯಲ್ಲಿಟ್ಟುಕೊಂಡು ಇವರು ಬಸ್ಸು ಹತ್ತಿದರು. ಕಂಡಕ್ಟರು ಪಾವಗಡದ ಕಡೆಯವನು. "ಏಮಿ ಸಾರ್ ಇದು, ಐಸ್‌ಕ್ಯಾಂಡಿನಾ? ನಂಗೊಂದ್ ಕೊಡಿ" ಎಂದು ಮುಚ್ಚಳಕ್ಕೆ ಕೈಹಾಕಿದ. "ರಕ್ತ" ಎಂದರು ಇವರು. ಮಿಡಿಗೇಶಿಯಿಂದ ಬೆಂಗಳೂರಿನವರೆಗೆ ಮೂರು ಜನರ ಸೀಟಿನಲ್ಲಿ ಒಬ್ಬರೇ ಕಾಲು ಚಾಚಿ ಕೂತು ಹೋದರಂತೆ.

ಎರಡು ವಾರ ಕಳೆದಿತ್ತು. ಒಂದು ಬುಧವಾರ ಮಧ್ಯಾಹ್ನ ಇವರು ಶಾಲೆಯ ಬಾಗಿಲಲ್ಲಿ ನಿಂತಿದ್ದರು. ವಾರದ ನಡುವೆ ಬಂದ ಗಂಡನನ್ನು ನೋಡಿ ಕೆಲಸ ಹೋಯಿತೇನೋ ಎಂದುಕೊಂಡೆ.

"ಪಾಪಕ್ಕ, ಜುಂಜಮ್ಮನ ರಕ್ತ ಓ ಗುಂಪು. ಯತ್ತಪ್ಪನದು ಎಬಿ."

"ಇರಲಿ ಬಿಡಿ. ಅದಕ್ಕೇನೀಗ?"

"ಓ ಗುಂಪಿನ ತಾಯಿಗೆ ಎಬಿ ಮಗು ಹುಟ್ಟೋಕಾಗಲ್ಲ. ಅಪ್ಪ ಯಾರೇ ಆಗಿರಲಿ."

"ಅಪ್ಪ ಯಾರೇ ಆಗಿರಲಿ ಅಂದ್ರೆ ಏನ್ರೀ ಅರ್ಥ?"

"ಅಪ್ಪನ ಸುದ್ದಿ ಬಿಡು. ಅವಳು ತಾಯಿಯೇ ಅಲ್ಲ ಅಂತ ಅರ್ಥ."

ನಾನು ಮೂರನೇ ಕ್ಲಾಸಿಗೆ ಕಾಪಿ ಬರೆಯಲು ಹೇಳಿ ಆಚೆ ಬಂದೆ. ಎದೆ ಕಾಯುವ ಪ್ರೋಟೀನೂ ಅಷ್ಟೇ, ಮೂವರು ಮಕ್ಕಳಲ್ಲಿ ಇಬ್ಬರಿಗೆ ತುಂಬಿ ತುಳುಕುತ್ತಿತ್ತು. ಆ ಇಬ್ಬರು ರೋಗಿಗಳು. ಗಟ್ಟಿಮುಟ್ಟಾದ ಮಾರಣ್ಣನಿಗೇ ಅರ್ಧ ಇತ್ತು. ಪ್ರೊಫೆಸರು ಮನಸಾರೆ ನಕ್ಕರಂತೆ. "ಸಣ್ಣರಂಗಯ್ಯ, ಅಪ್ಪನ ಮೇಲೆ ಅನುಮಾನ ಬರುವುದು ಲೋಕರೂಢಿ. ಹೆತ್ತವಳ ಮೇಲೇ ಅನುಮಾನ ತಂದವರು ನೀವೇ ಮೊದಲು" ಎಂದರಂತೆ. ನಕ್ಕು ಮುಗಿಸಿ, ಮಾರ್ಚಿ ತಿಂಗಳೊಳಗೆ ಇದು ಸರಿಹೋಗದಿದ್ದರೆ ಮಿಡಿಗೇಶಿಯ ಕೆಲಸ ಬಂದ್ ಎಂದೂ ಹೇಳಿದರಂತೆ.

"ಕೆಲಸ ಹೋದರೆ ಹೋಗಲಿ" ಎಂದರು ಇವರು. "ಆಣೆ ಇಟ್ಟಿದೀನಲ್ಲೇ. ಏನೂ ಗೊತ್ತಾಗಲಿಲ್ಲ ಅಂತ ಹೇಳಿ ಬಂದರೆ ಆ ಹಟ್ಟಿಯಲ್ಲಿ ಅದಕ್ಕೆ ಏನರ್ಥ ಮಾಡ್ತಾರೆ? ರಕ್ತ ನೋಡಿದರೂ ಅವಳದೇ ಕಾಲ್ಗುಣ ಅಂತಾರೆ. ಸಾಯೋವರೆಗೂ ಅಂತಾರೆ."

ನನಗೆ ಇವರ ಮೇಲೆ ಆಗ ಬಂದಷ್ಟು ಪ್ರೀತಿ ಮದುವೆಯ ದಿನವೂ ಬಂದಿರಲಿಲ್ಲ. ಹಾಗೆಂದು ಹೇಳಲಿಲ್ಲ, ತಲೆಗೆ ಏರಿಬಿಡುತ್ತದೆ.

ಭಾನುವಾರ ಹಟ್ಟಿಗೆ ಹೊರಟೆವು. ದಾರಿಯುದ್ದಕ್ಕೂ ಒಂದೇ ಜಗಳ.

"ನೀನೇ ಕೇಳೇ. ಹೆಂಗಸು ಹೆಂಗಸನ್ನು ಕೇಳೋದು ಸಲೀಸು."

"ವಿಜ್ಞಾನಿ ನೀವೋ ನಾನೋ?"

"ವಿಜ್ಞಾನಿಗೆ ಪೊರಕೆಯಲ್ಲಿ ಬೀಳುತ್ತೆ."

ಕೊನೆಗೆ ಕೇಳಿದ್ದು ನಾನೇ. ಊರಿನ ಸಮಾಚಾರ, ರಾಗಿ, ಕುರಿ ಎಲ್ಲ ಮಾತಾಡಿ ಮುಗಿಸಿ, "ಅಜ್ಜಿ, ಬೇಜಾರು ಮಾಡ್ಕೋಬೇಡ. ಯತ್ತಪ್ಪ ನಿನ್ನ ಹೊಟ್ಟೇಲೇ ಹುಟ್ಟಿದೋನಾ? ಇಲ್ಲ, ಎಲ್ಲಿಂದಾದರೂ ತಂದು ಸಾಕಿದ್ದಾ?" ಎಂದೆ.

ಜುಂಜಮ್ಮ ಒಂದು ಗಳಿಗೆ ನನ್ನನ್ನೇ ನೋಡಿದಳು. ಆಮೇಲೆ ನಿಜವಾಗಿಯೂ ಪೊರಕೆ ಕೈಗೆ ಬಂತು. ಇವರು ಆಗಲೇ ಬೂಟುಗಳ ಕಡೆ ಓಡಿದ್ದರು.

"ನಾಕು ಹೆತ್ತೀನಿ ಕಣಮ್ಮ! ಒಬ್ಬುನ್ನ ಈ ಕೈನಾಗೆ ಮಣ್ಣಿಗೆ ಹಾಕೀನಿ! ನಿನ್ ಗಂಡನ ಸೀಸೆ ಯೋಳ್ತದಾ ನಾನು ಹೆತ್ತಿಲ್ಲ ಅಂತ?"

ಪಕ್ಕದ ಜಗಲಿಯಿಂದ ಕರಿಯಕ್ಕ ಸೆರಗು ಸಿಕ್ಕಿಸಿಕೊಂಡು ಬಂದಳು. ಬೆಂಕಿಗೆ ತುಪ್ಪ ಸುರಿಯಲು ಬಂದಳೆಂದೇ ನಾನು ತಿಳಿದೆ. ಅವಳು ನೇರವಾಗಿ ಇವರೆದುರು ಹೋಗಿ ನಿಂತಳು.

"ಲೇ ಡಾಕ್ಟ್ರಪ್ಪ, ಇವ್ಳೇ ಹೆತ್ತಿದ್ದು. ಆ ಯತ್ತಪ್ಪನ ಹೊಕ್ಕಳು ಕುಯ್ದಿದ್ದೇ ನಾನು. ಇವ್ಳ ಮ್ಯಾಲೆ ಬ್ಯಾರೆ ಏನಾದ್ರೂ ಯೋಳು, ನಾನೂ ದನಿಗೂಡುಸ್ತೀನಿ. ಅದುನ್ನ ಮಾತ್ರ ಅನ್ಬ್ಯಾಡ."

"ಹಂಗಾದ್ರೆ ಅವತ್ತು ಮರದ ಕೆಳಗೆ ಊದಿದ್ದು…" ಎಂದರು ಇವರು ಬೂಟು ಎದೆಗವಚಿಕೊಂಡು.

"ಯಾರು? ಕಾಟಪ್ಪನಾ?" ಎಂದಳು ಜುಂಜಮ್ಮ.

"ಕಾಟಪ್ಪ ಯಾರು?"

"ಮುಯ್ಯಾಳು."

ಈ ಕಡೆಯಲ್ಲಿ ಹುಟ್ಟಿದ ಯಾರಿಗೂ ಮುಯ್ಯಾಳು ಎಂದರೆ ವಿವರಿಸಬೇಕಿಲ್ಲ. ಇವತ್ತು ನಿಮ್ಮ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀವು. ಮನೆಯಲ್ಲಿ ಕೈಲಾಗದವರು ಇದ್ದರೆ ಅವರ ಬದಲು ಗಟ್ಟಿ ಆಳು ಬರುತ್ತಾನೆ, ಆಮೇಲೆ ಅವನ ಮನೆಗೆ ಅಷ್ಟೇ ದುಡಿದು ಮುಯ್ಯಿ ತೀರಿಸುತ್ತಾರೆ. ನಮ್ಮ ಮನೆಯವರೂ ಸಿರಾ ಸೀಮೆಯಲ್ಲಿ ಹುಟ್ಟಿದವರೇ, ಮುಯ್ಯಿಯಲ್ಲಿ ಕಳೆ ಕಿತ್ತವರೇ. ಬೆಂಗಳೂರಿನ ನೀರು ಕುಡಿದ ಮೇಲೆ ಅದು ನೆನಪಿಗೆ ಬರಲಿಲ್ಲ ಅಷ್ಟೆ.

"ಎದೆ ಸೋತೋರ ಕೈಲಿ ಊದ್ಸಾದುಂಟಾ?" ಎಂದಳು ಜುಂಜಮ್ಮ, ಪೊರಕೆ ಕೆಳಗಿಟ್ಟು. "ನೀವು ಅಷ್ಟ್ ದೂರದಿಂದ ಮಿಷನ್ ಹೊತ್ಕಂಡ್ ಬಂದಿದ್ರಿ. ನನ್ ಮಕ್ಳು ಊದುದ್ರೆ ಅದು ಏಳಾದೇ ಇಲ್ಲ, ನಿಮ್ ಕೆಲ್ಸ ಕೆಟ್ಟೋಗ್ತದೆ ಅಂತ ಗಟ್ಟಿ ಆಳ್ನೇ ಕಳ್ಸಿದ್ದೆ. ಯತ್ತಪ್ಪನ ಬದ್ಲು ಕಾಟಪ್ಪ, ಕ್ಯಾತಪ್ಪನ ಬದ್ಲು ಅವ್ನ ತಮ್ಮ. ಮಾರಣ್ಣ ಅವ್ರ ಕಣದಾಗೆ ರಾಗಿ ಬಡ್ದು ಮುಯ್ಯಿ ತೀರ್ಸೂ ಆಯ್ತು. ಊದಿದ್ದಕ್ಕೆ ಒಂದಿನ ಸಾಕು, ರಕ್ತ ಕೊಟ್ಟಿದ್ದಕ್ಕೆ ಇನ್ನೊಂದಿನ ಬೇಕು ಅಂತ ಜಗಳ ತಗದವ್ನೆ ಆ ಕಾಟಪ್ಪ."

ಇವರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ನಗು ಬಂತೋ ಅಳು ಬಂತೋ, ಎರಡೂ ಬಂದ ಹಾಗಿತ್ತು. ಕಣ್ಣೊರೆಸಿಕೊಂಡು, "ಅಜ್ಜಿ, ನನಗೆ ಗಟ್ಟಿ ಆಳು ಬೇಡ. ನಿನ್ನ ಮಕ್ಕಳೇ ಬೇಕು. ಡ್ರಮ್ಮು ಏಳದಿದ್ದರೆ ಏಳದಿರಲಿ" ಎಂದರು.

ಯತ್ತಪ್ಪ ಒಳಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದ. ಒಂದೊಂದು ಉಸಿರಿಗೂ ಭುಜ ಕಿವಿಯವರೆಗೆ ಏರುತ್ತಿತ್ತು. ಮುಂದಿನ ವಾರ ಮಿಷನ್ನು ಅವನಿದ್ದಲ್ಲಿಗೇ ಬಂತು. ಅವನು ಕಣ್ಣುಮುಚ್ಚಿ, ಇದ್ದಬದ್ದ ಶಕ್ತಿಯೆಲ್ಲ ಹಾಕಿ ಊದಿದ. ಡ್ರಮ್ಮು ಒಂದು ಗೇಣು ಕೂಡ ಏಳಲಿಲ್ಲ. "ಸಾಲ್ದಲ್ವಾ ಸಾರ್?" ಎಂದು ನಾಚಿಕೊಂಡ. "ಸಾಕು ಯತ್ತಪ್ಪ, ಇದೇ ನನಗೆ ಬೇಕಾಗಿದ್ದು" ಎಂದರು ಇವರು. ಬೇಕಾಗಿದ್ದು ಸಿಕ್ಕ ಸಂತೋಷ ಮುಖದಲ್ಲಿ ಚೂರೂ ಇರಲಿಲ್ಲ. ಕ್ಯಾತಪ್ಪನೂ ಊದಿದ, ಅಣ್ಣತಮ್ಮ ಇಬ್ಬರೂ ರಕ್ತ ಕೊಟ್ಟರು. ಅವತ್ತು ಕರಿಯಕ್ಕನೂ ತೋಳು ಚಾಚಿ ರಕ್ತ ಕೊಟ್ಟಳು. "ನಮ್ ಮನೆತನದ್ದು ಚೊಕ್ಕಟ ರಕ್ತ, ನೋಡ್ಕಳಲಿ" ಎನ್ನುತ್ತಲೇ ಕೊಟ್ಟಳು.

ಯುಗ ಕಳೆದಂತೆ ಮೂರು ವಾರ ಕಳೆಯಿತು. ಯುಗಾದಿಯ ಮುಂದಿನ ಭಾನುವಾರ ಇವರು ಚಿತ್ರ ತಂದರು. ಜುಂಜಮ್ಮನ ಜಗಲಿಯ ಮೇಲೆ ಹರಡಿ, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೂ ಕಲ್ಲಿಟ್ಟರು.

"ಅಜ್ಜಿ, ಪ್ರತಿ ಮಗುವಿಗೂ ಅಪ್ಪನ ಕಡೆಯಿಂದ ಒಂದು ಪಾಲು, ಅಮ್ಮನ ಕಡೆಯಿಂದ ಒಂದು ಪಾಲು. ಒಂದು ಚೆನ್ನಾಗಿದ್ದರೂ ಉಸಿರು ನಡೆಯುತ್ತೆ. ಎರಡೂ ಕೆಟ್ಟಿದ್ದರೆ ಉಬ್ಬಸ. ಕೆಟ್ಟ ಪಾಲನ್ನು ಕಪ್ಪು ಮಾಡಿದೀನಿ. ಇದು ನಿನ್ನ ಯಜಮಾನರು. ಪೂರ್ತಿ ಕಪ್ಪು. ನೀನು ಕಾಲಿಡೋಕೆ ಮುಂಚೆ, ಹುಟ್ಟುವಾಗಲೇ ತಂದಿದ್ದು."

"ನಂದು ಯಾವ್ದು?"

"ಇದು. ಅರ್ಧ ಕಪ್ಪು, ಅರ್ಧ ಬಿಳುಪು. ಆಣೆ ಇಟ್ಟಿದೀನಿ, ಸುಳ್ಳು ಹೇಳಲ್ಲ. ಯತ್ತಪ್ಪನಿಗೂ ಕ್ಯಾತಪ್ಪನಿಗೂ ಅಪ್ಪನದೊಂದು, ನಿನ್ನದೊಂದು ಕೆಟ್ಟ ಪಾಲು ಸೇರಿದೆ. ತೀರಿಹೋದ ಹಿರಿಯವನಿಗೂ ಹಾಗೇ ಆಗಿರಬೇಕು."

ಜುಂಜಮ್ಮ ಹಿರಿಯವನ ಚೌಕದ ಮೇಲೆ ಬೆರಳಿಟ್ಟಳು. ಸತ್ತವರಿಗೆ ಎಳೆಯುವ ಅಡ್ಡಗೆರೆ ಅದರ ಮೇಲಿತ್ತು.

"ಮಾರಣ್ಣ?" ಎಂದಳು.

"ಮಾರಣ್ಣ ಅರ್ಧ ಬಿಳುಪು. ಅಪ್ಪನಲ್ಲಿ ಕೊಡೋಕೆ ಒಳ್ಳೇ ಪಾಲೇ ಇರಲಿಲ್ಲ ಅಜ್ಜಿ. ಆ ಬಿಳುಪು ನಿನ್ನದು. ಅವನು ಗಣೆ ಊದುತ್ತಾನಲ್ಲ, ಅದು ನೀನು ಕೊಟ್ಟ ಉಸಿರು."

ನಾನು ಜುಂಜಮ್ಮನ ಮುಖ ನೋಡಲಾಗದೆ ಬೇಲಿಯ ಕಡೆ ತಿರುಗಿದೆ. ಹಿಂದಿನಿಂದ ಅವಳ ದನಿ ಕೇಳಿಸಿತು.

"ಐವತ್ತು ವರ್ಷ ಪೂರ್ತಿ ನಂದೇ ಅಂತ ಹೊತ್ತಿದ್ದೆ. ಅರ್ಧ ಇಳುಸ್ದೆ ಕಣಪ್ಪ." ಆಮೇಲೆ ಪಕ್ಕದ ಜಗಲಿಗೆ ಕೇಳುವಂತೆ, "ಲೇ ಕರಿಯಕ್ಕ, ಬಾರೇ ಇಲ್ಲಿ. ನಿಮ್ಮಣ್ಣನ್ ನೋಡ್ಬಾ" ಎಂದು ಕೂಗಿದಳು.

ಕರಿಯಕ್ಕ ಬಂದಳು. ಇವರು ಪುನಃ ಎಲ್ಲವನ್ನೂ ಹೇಳಿದರು. ಕರಿಯಕ್ಕನ ವೃತ್ತವೂ ಅರ್ಧ ಕಪ್ಪು ಎಂಬುದನ್ನು ಆದಷ್ಟು ಮೆತ್ತಗೆ ಹೇಳಿದರು. ಅವಳು ತನ್ನ ಅರ್ಧದ ಕಡೆ ನೋಡಲೇ ಇಲ್ಲ, ಅಣ್ಣನ ಕಪ್ಪು ಚೌಕವನ್ನೇ ನೋಡುತ್ತಿದ್ದಳು.

"ಕುರಿಮರಿ ಕುಂಟಾದ್ರೆ ಟಗರು ಯಾವುದು ಅಂತ ಕೇಳ್ತೀವಿ" ಎಂದಳು ಜುಂಜಮ್ಮ. "ಮನುಷ್ಯರಾಗೆ ಮಾತ್ರ ಹೆತ್ತೋಳ ಕಾಲು ನೋಡ್ತೀವಿ."

"ನಮ್ಮಣ್ಣ ಏನ್ ಮಾಡ್ಯಾನು ಪಾಪ" ಎಂದಳು ಕರಿಯಕ್ಕ, ದನಿ ಸಣ್ಣದಾಗಿತ್ತು. "ಹುಟ್ತಾನೇ ಬಂದಿದ್ದಂತಲ್ಲ. ಅವ್ನು ಬೇಕು ಅಂತ ತಂದ್ನಾ?"

"ಹಂಗಾದ್ರೆ ನಾನೇನ್ ಮಾಡಿದ್ದೆ ಕರಿಯಕ್ಕ?"

ಕರಿಯಕ್ಕ ಜಗಲಿಯ ಅಂಚಿನಲ್ಲಿ ಕೂತಳು. ಸೊಂಟದ ಚೀಲ ಬಿಚ್ಚಿ ಎಲೆ ತೆಗೆದಳು, ತೊಟ್ಟು ಮುರಿದಳು, ಅಡಿಕೆ ಬಾಯಿಗೆ ಹಾಕಿಕೊಂಡಳು. ಆಮೇಲೆ ಯಾರ ಮುಖವನ್ನೂ ನೋಡದೆ ತೋರುಬೆರಳು ಚಾಚಿದಳು.

"ಅತ್ಗೆ, ಒಸಿ ಸುಣ್ಣ ಕೊಡು."

ಸುಣ್ಣದ ಡಬ್ಬಿ ಜುಂಜಮ್ಮನ ಮಡಿಲಲ್ಲೇ ಇತ್ತು, ನನಗೆ ಕಾಣಿಸುತ್ತಿತ್ತು. ಆದರೂ ಅವಳು ತನ್ನ ಎಲೆಅಡಿಕೆ ಚೀಲದ ಒಂದೊಂದೇ ಅರೆ ಬಿಚ್ಚಿ, ಇಣುಕಿ, ಮತ್ತೆ ಮುಚ್ಚಿ, ಬೇಕೆಂದೇ ಬಹಳ ಹೊತ್ತು ಹುಡುಕಿದಳು. ಕರಿಯಕ್ಕ ಬೆರಳನ್ನು ಹಿಂದಕ್ಕೆ ತೆಗೆದುಕೊಳ್ಳದೆ ಕೂತಿದ್ದಳು.